ಕೋಚ್ ಹೋದರೆ ತಂಡಕ್ಕೆ ಎಷ್ಟು ಅಂಕ ಕಡಿತ? ಅಮೆರಿಕದ ಕಾಲೇಜು ಫುಟ್ಬಾಲ್ ಮತ್ತು ಪ್ಲೇಆಫ್ ಆಯ್ಕೆ

(ಅಮೆರಿಕದ ಕನ್ನಡ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಕೂಟದ ಕಾರ್ಯದರ್ಶಿಗಳು ಫೋನ್ ಮಾಡಿ, "ಸಾರ್, ಈ ಸಲ ಸಂಖ್ಯಾಶಾಸ್ತ್ರ ಬೇಡ, ಆಟದ ವಿಷಯ ಏನಾದರೂ ಹೇಳಿ, ಮಕ್ಕಳೂ ಕೂತು ಕೇಳ್ತಾರೆ" ಅಂದರು. ಆಟದ ವಿಷಯವನ್ನೇ ತಂದಿದ್ದೇನೆ. ಅದರ ಬೆನ್ನು ಹತ್ತಿ ಸಂಖ್ಯಾಶಾಸ್ತ್ರವೂ ಸ್ವಲ್ಪ ಬಂದುಬಿಟ್ಟಿದೆ, ಸಹಿಸಿಕೊಳ್ಳಬೇಕು. ಊರಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ಗಾಬರಿಯಾಗಬೇಡಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟಕ್ಕೆ ಫುಟ್ಬಾಲ್ ಅಂತ ಯಾಕೆ ಹೆಸರು ಎನ್ನುವ ಗೋಜಿಗೆ ನಾನು ಹೋಗುವುದಿಲ್ಲ. ಆಟ ಹೇಗೆ ಆಡುತ್ತಾರೆ ಅನ್ನುವುದಕ್ಕಿಂತ, ಆಡಿದ ಮೇಲೆ ಯಾರಿಗೆ ಏನು ಸಿಗುತ್ತದೆ ಅನ್ನುವುದರ ಬಗ್ಗೆ ಇವತ್ತಿನ ಮಾತು.

ಋತುವಿನ ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ತಂಡಗಳನ್ನು ಆರಿಸಲು ಒಂದು ಸಮಿತಿ ಇದೆ, ಆ ಸಮಿತಿಗೆ ಒಂದು ನಿಯಮಾವಳಿ ಇದೆ. ತಂಡಗಳನ್ನು ತೂಗುವಾಗ ಏನೇನು ನೋಡಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಎಂಥ ಎದುರಾಳಿಗಳ ಜೊತೆ ಆಡಿದರು, ಮುಖಾಮುಖಿಯಾದಾಗ ಯಾರು ಗೆದ್ದರು, ಇಬ್ಬರೂ ಎದುರಿಸಿದ ತಂಡಗಳ ವಿರುದ್ಧ ಯಾರ ಆಟ ಹೇಗಿತ್ತು, ಇತ್ಯಾದಿ. ಇದಕ್ಕೆಲ್ಲ ಯಾರ ತಕರಾರೂ ಇಲ್ಲ. ಇವುಗಳ ಜೊತೆಗೆ ಇನ್ನೊಂದು ಅಂಶ ಸೇರಿಸಿದ್ದಾರೆ: ಮುಖ್ಯ ಆಟಗಾರರಾಗಲಿ ಕೋಚ್‌ಗಳಾಗಲಿ ಲಭ್ಯವಿಲ್ಲದೆ ಹೋಗಿದ್ದರಿಂದ ತಂಡದ ಆಟ ಕೆಟ್ಟಿದ್ದರೆ, ಅಥವಾ ಮುಂದೆ ಪ್ಲೇಆಫ್‌ನಲ್ಲಿ ಕೆಡುವ ಸಂಭವವಿದ್ದರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಗಮನಿಸಿ, ಆಟಗಾರರು ಮತ್ತು ಕೋಚ್‌ಗಳು, ಇಬ್ಬರ ಹೆಸರೂ ಒಂದೇ ವಾಕ್ಯದಲ್ಲಿ ಇದೆ. ಈ ವಾಕ್ಯವನ್ನು 2023ರಲ್ಲಿ ಒಂದು ತಂಡದ ಮೇಲೆ ಪ್ರಯೋಗಿಸಿದರು. 2025ರಲ್ಲಿ ಇನ್ನೊಂದು ತಂಡದ ಸರದಿ ಬಂದಾಗ ಸುಮ್ಮನಿದ್ದರು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳವಾಡೋಣ: ಆ ವಾಕ್ಯವನ್ನು ಹೊಡೆದು ಹಾಕಬೇಕು.

ಸಮಿತಿ ಯಾಕೆ ಬೇಕಾಯಿತು ಅನ್ನುವುದನ್ನು ಚುಟುಕಾಗಿ ಹೇಳುತ್ತೇನೆ. ಈ ಆಟದ ಮೇಲ್ದರ್ಜೆಯಲ್ಲಿ 2025ರಲ್ಲಿ 136 ತಂಡಗಳಿದ್ದವು. ಒಂದೊಂದಕ್ಕೂ ಋತುವಿಗೆ 12 ಪಂದ್ಯ. 136 ತಂಡಗಳಿಂದ 9,180 ಜೋಡಿ ಆಗುತ್ತವೆ, ಆಡುವ ಪಂದ್ಯಗಳು ಎಂಟುನೂರರ ಆಸುಪಾಸು. ಅಂದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜೋಡಿಗಳು ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ಇಷ್ಟು ತೆಳುವಾದ ಮಾಹಿತಿ ಇಟ್ಟುಕೊಂಡು ಒಂದರಿಂದ ಹನ್ನೆರಡರ ತನಕ ಸ್ಥಾನ ಕೊಡಿ ಎಂದರೆ ಯಾವ ಸೂತ್ರವೂ ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರ ಕೊಡಲಾರದು. ಹಾಗಾಗಿ ಬಹಳ ಕಾಲ ಪತ್ರಕರ್ತರು ಮತ ಹಾಕಿ ಚಾಂಪಿಯನ್ ಯಾರೆಂದು ಹೇಳುತ್ತಿದ್ದರು. ಎಪಿ ಸುದ್ದಿಸಂಸ್ಥೆಯ ಪಟ್ಟಿ 1936ರಿಂದ ಇದೆ. 1998ರಿಂದ 2013ರ ತನಕ ಮತವನ್ನೂ ಕಂಪ್ಯೂಟರ್ ಲೆಕ್ಕವನ್ನೂ ಕೂಡಿಸಿ ಎರಡು ತಂಡಗಳನ್ನು ಫೈನಲ್‌ಗೆ ಕಳಿಸುವ ಬಿಸಿಎಸ್ ಎಂಬ ಪದ್ಧತಿ ಬಂತು. 2003ರಲ್ಲಿ ಪತ್ರಕರ್ತರೂ ಕೋಚ್‌ಗಳೂ ಒಂದನೇ ಸ್ಥಾನ ಕೊಟ್ಟಿದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡವೇ ಫೈನಲ್‌ನಿಂದ ಹೊರಗುಳಿಯಿತು. ಆಗಿನ ಗಲಾಟೆ ಕೇಳಬೇಡಿ. 2014ರಿಂದ ನಾಲ್ಕು ತಂಡಗಳ ಪ್ಲೇಆಫ್, 2024ರಿಂದ ಹನ್ನೆರಡು ತಂಡಗಳದ್ದು.

ಆಯ್ಕೆ ಮಾಡುವವರು ಹದಿಮೂರು ಜನ. ಹೆಚ್ಚಿನವರು ಬೇರೆ ಬೇರೆ ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು, ಜೊತೆಗೆ ಹಳೆಯ ಕೋಚ್‌ಗಳು, ಹಳೆಯ ಆಟಗಾರರು. ಡಲ್ಲಾಸ್ ಹತ್ತಿರದ ಗ್ರೇಪ್‌ವೈನ್ ಎಂಬ ಊರಿನ ಹೋಟೆಲಿನಲ್ಲಿ ಕೂರುತ್ತಾರೆ. ತಮ್ಮ ಸಂಬಳ ಬರುವ ವಿಶ್ವವಿದ್ಯಾಲಯದ ಹೆಸರು ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗಬೇಕು. ನವೆಂಬರ್‌ನಿಂದ ವಾರವಾರವೂ ಮಂಗಳವಾರ ರಾತ್ರಿ ಟಿವಿಯಲ್ಲಿ ಅವರ ಪಟ್ಟಿ ಪ್ರಕಟವಾಗುತ್ತದೆ. ಅದು ತೋರಿಕೆಯ ಪಟ್ಟಿ. ಲೆಕ್ಕಕ್ಕೆ ಬರುವುದು ಡಿಸೆಂಬರ್ ಮೊದಲ ವಾರದ ಭಾನುವಾರ ಬರುವ ಕೊನೆಯ ಪಟ್ಟಿ ಮಾತ್ರ.

ಈಗ ಫ್ಲೋರಿಡಾ ಸ್ಟೇಟ್ ಕತೆಗೆ ಬರೋಣ. 2023ರ ನವೆಂಬರ್ 18, ತಂಡದ ತವರೂರು ಟಲ್ಲಹಾಸಿ. ಎದುರಾಳಿ ನಾರ್ತ್ ಅಲಬಾಮಾ, ಕಣ್ಣು ಮುಚ್ಚಿ ಗೆಲ್ಲಬಹುದಾದ ಪಂದ್ಯ. ತಂಡದ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಚೆಂಡು ಹಿಡಿದು ಓಡುವಾಗ ಕಾಲು ಮುರಿದುಕೊಂಡ. ಊರಿನವರಿಗೆ ಹೇಳುವುದಾದರೆ, ಆಕ್ರಮಣದ ಪ್ರತಿ ಆಟವೂ ಶುರುವಾಗುವುದು ಕ್ವಾರ್ಟರ್‌ಬ್ಯಾಕ್ ಕೈಯಿಂದ. ತಂಡ ಆ ಪಂದ್ಯವನ್ನೂ ಗೆದ್ದಿತು. ಮುಂದಿನ ವಾರ ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನು ಇಳಿಸಿ ಬದ್ಧವೈರಿ ಫ್ಲೋರಿಡಾವನ್ನು 24-15ರಲ್ಲಿ ಸೋಲಿಸಿತು. ಆ ಪಂದ್ಯದಲ್ಲಿ ಆತನ ತಲೆಗೆ ಪೆಟ್ಟಾಯಿತು. ಡಿಸೆಂಬರ್ 2ರಂದು ಎಸಿಸಿ ಕಾನ್ಫರೆನ್ಸ್‌ನ, ಅಂದರೆ ತಮ್ಮತಮ್ಮಲ್ಲೇ ಹೆಚ್ಚಾಗಿ ಆಡುವ ಕಾಲೇಜುಗಳ ಒಂದು ಗುಂಪಿನ, ಫೈನಲ್‌ಗೆ ಮೂರನೆಯವನು, ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್, ಇಳಿದ. ರಕ್ಷಣಾ ಪಡೆ ಲೂಯಿವಿಲ್ ತಂಡವನ್ನು ಆರೇ ಅಂಕಕ್ಕೆ ಕಟ್ಟಿ ಹಾಕಿತು, 16-6. ಹದಿಮೂರು ಪಂದ್ಯ, ಹದಿಮೂರು ಗೆಲುವು.

ಹಿಂದಿನ ಮಂಗಳವಾರದ ಪಟ್ಟಿಯಲ್ಲಿ ಈ ತಂಡ ನಾಲ್ಕನೇ ಸ್ಥಾನದಲ್ಲಿತ್ತು, ಅಂದರೆ ಒಳಗೆ. ಟ್ರಾವಿಸ್ ಕಾಲು ಮುರಿದಿದೆ ಎನ್ನುವುದು ಆಗಲೂ ಸಮಿತಿಗೆ ಗೊತ್ತಿತ್ತು. ಆಮೇಲೆ ಗೆದ್ದರು, ಗೆದ್ದು ಐದಕ್ಕೆ ಇಳಿದರು. ಎಂಟರಲ್ಲಿದ್ದ ಅಲಬಾಮಾ ಜಾರ್ಜಿಯಾವನ್ನು 27-24ರಲ್ಲಿ ಸೋಲಿಸಿ ನಾಲ್ಕಕ್ಕೆ ಹಾರಿತು, ಅಲಬಾಮಾವನ್ನು ಸೆಪ್ಟೆಂಬರ್‌ನಲ್ಲೇ ಮಣಿಸಿದ್ದ ಟೆಕ್ಸಸ್ ಮೂರಕ್ಕೆ ಬಂತು. ಎರಡೂ ಒಂದೊಂದು ಪಂದ್ಯ ಸೋತ ತಂಡಗಳು. ದೊಡ್ಡ ಐದು ಕಾನ್ಫರೆನ್ಸ್‌ಗಳಲ್ಲಿ ಒಂದರ ಚಾಂಪಿಯನ್ ಆಗಿ, ಒಂದೂ ಪಂದ್ಯ ಸೋಲದೆ, ನಾಲ್ಕರ ಪ್ಲೇಆಫ್‌ನಿಂದ ಹೊರಗುಳಿದ ಮೊದಲ ತಂಡ ಫ್ಲೋರಿಡಾ ಸ್ಟೇಟ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಮಿತಿಯ ಅಧ್ಯಕ್ಷ ಬೂ ಕೊರಿಗನ್ ಕೊಟ್ಟ ವಿವರಣೆಯ ಸಾರಾಂಶ ಇಷ್ಟು: ಟ್ರಾವಿಸ್ ಇಲ್ಲದ ಫ್ಲೋರಿಡಾ ಸ್ಟೇಟ್ ಬೇರೆಯೇ ತಂಡ.

ಆಸ್ಪತ್ರೆಯ ಚಪ್ಪಲಿ ಹಾಕಿಕೊಂಡು ಕೂತಿದ್ದ ಟ್ರಾವಿಸ್ ಅವತ್ತು ಬರೆದದ್ದನ್ನು ನಾನು ಮರೆಯಲಾರೆ ಅಂತ ಬೇಕಿದ್ದರೆ ಬಣ್ಣ ಹಚ್ಚಿ ಹೇಳಬಹುದಿತ್ತು. ಆದರೆ ಚಪ್ಪಲಿ ನಾನು ನೋಡಿಲ್ಲ, ಬರೆದದ್ದನ್ನಷ್ಟೇ ಓದಿದ್ದೇನೆ. ನನ್ನ ಕಾಲು ಇನ್ನೂ ಮೊದಲೇ ಮುರಿದಿದ್ದರೆ ಚೆನ್ನಾಗಿತ್ತು, ಈ ತಂಡ ನನ್ನೊಬ್ಬನ ಮೇಲೆ ನಿಂತಿಲ್ಲ ಅಂತ ನಿಮಗೆಲ್ಲ ಕಾಣುತ್ತಿತ್ತು ಎನ್ನುವ ಅರ್ಥದಲ್ಲಿ ಬರೆದಿದ್ದ. ಒಬ್ಬ ಆಟಗಾರ ತನ್ನ ಕಾಲು ಮುರಿದ ತಾರೀಕಿಗಾಗಿ ತಂಡದ ಕ್ಷಮೆ ಕೇಳುವ ಸ್ಥಿತಿ ಅದು.

ನಮಗೆಲ್ಲ ಗೊತ್ತಿರುವ ಒಂದು ರಾತ್ರಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. 2024ರ ಮೇ 18, ಚಿನ್ನಸ್ವಾಮಿ ಕ್ರೀಡಾಂಗಣ, ಆರ್‌ಸಿಬಿ ಮತ್ತು ಚೆನ್ನೈ. ಆರ್‌ಸಿಬಿ 218 ಹೊಡೆದಿತ್ತು. ಚೆನ್ನೈ ಗೆಲ್ಲಬೇಕಾಗಿರಲಿಲ್ಲ, 201 ಮುಟ್ಟಿದರೆ ರನ್‌ರೇಟ್ ಲೆಕ್ಕದಲ್ಲಿ ಒಳಗೆ. ಕೊನೆಯ ಓವರಿಗೆ 17 ಬೇಕು. ಯಶ್ ದಯಾಳ್ ಹಾಕಿದ ಮೊದಲ ಚೆಂಡನ್ನು ಧೋನಿ ಮೈದಾನದಾಚೆ ಕಳಿಸಿದರು, ಎರಡನೇ ಚೆಂಡಿಗೆ ಔಟ್. ಚೆನ್ನೈ 191ಕ್ಕೆ ನಿಂತಿತು. ಅವತ್ತು ಗ್ಯಾಲರಿಯಲ್ಲಿ ಕೂತ ಹತ್ತು ವರ್ಷದ ಹುಡುಗನಿಗೂ 201 ಎಂಬ ಸಂಖ್ಯೆ ಬಾಯಿಪಾಠವಾಗಿತ್ತು. ನೆಟ್ ರನ್‌ರೇಟ್ ಒಳ್ಳೆಯ ಅಳತೆಯೋ ಅಲ್ಲವೋ, ಬೇರೆ ಚರ್ಚೆ. ಅಳತೆಗೋಲು ಎರಡೂ ತಂಡಗಳ ಕಣ್ಣ ಮುಂದೆ ಇತ್ತು. ಫ್ಲೋರಿಡಾ ಸ್ಟೇಟ್ ತಂಡಕ್ಕೆ 16-6 ಸಾಲದು, ಇಷ್ಟು ಅಂತರ ಬೇಕು ಅಂತ ಯಾರೂ ಹೇಳಿರಲಿಲ್ಲ. ಹೇಳಲು ಅಂಥ ಸಂಖ್ಯೆಯೇ ಇರಲಿಲ್ಲ.

ಸಮಿತಿಯ ಪರವಾಗಿ ಮಾತಾಡುವವರು ತಕ್ಷಣ ಆರೆಂಜ್ ಬೌಲ್ ಪಂದ್ಯವನ್ನು ತೋರಿಸುತ್ತಾರೆ. ಬೌಲ್ ಅಂದರೆ ಋತು ಮುಗಿದ ಮೇಲೆ ಆಡಿಸುವ ವಿಶೇಷ ಪಂದ್ಯ. ಅದೇ ಫ್ಲೋರಿಡಾ ಸ್ಟೇಟ್ ಅಲ್ಲಿ ಜಾರ್ಜಿಯಾ ಕೈಯಲ್ಲಿ 63-3ರಲ್ಲಿ ಸೋತಿತು. ನೋಡಿ, ಸಮಿತಿ ಹೇಳಿದ್ದೇ ಸರಿ ಅಂತ. ಆದರೆ ಪ್ಲೇಆಫ್ ತಪ್ಪಿದ ಮೇಲೆ ಆ ತಂಡದ ಮುಖ್ಯ ಆಟಗಾರರಲ್ಲಿ ಎಷ್ಟೋ ಜನ ಆ ಪಂದ್ಯಕ್ಕೆ ಇಳಿಯಲೇ ಇಲ್ಲ. ಕೆಲವರು ವೃತ್ತಿಪರ ಲೀಗಿನ ತಯಾರಿಗೆ ಹೋದರು, ಕೆಲವರು ಬೇರೆ ಕಾಲೇಜಿಗೆ ಹೊರಟರು. ಅದು ಸಮಿತಿ ಹೊರಗಿಟ್ಟ ತಂಡವಲ್ಲ, ಹೊರಗಿಟ್ಟಿದ್ದರಿಂದ ಆದ ತಂಡ. ಇನ್ನು ಎದುರು ಉದಾಹರಣೆ ಬೇಕಿದ್ದರೆ ಮೊದಲ ವರ್ಷದ ಪ್ಲೇಆಫ್ ಸಾಕು. 2014ರಲ್ಲಿ ಒಹಾಯೋ ಸ್ಟೇಟ್ ತನ್ನ ಮೂರನೇ ಕ್ವಾರ್ಟರ್‌ಬ್ಯಾಕ್ ಕಾರ್ಡೇಲ್ ಜೋನ್ಸ್ ಜೊತೆ ವಿಸ್ಕಾನ್ಸಿನ್ ಮೇಲೆ 59-0 ಗೆದ್ದು ನಾಲ್ಕನೇ ಸ್ಥಾನದಲ್ಲಿ ಒಳಗೆ ಬಂತು, ಅಲಬಾಮಾವನ್ನೂ ಆರೆಗನ್ ತಂಡವನ್ನೂ ಸೋಲಿಸಿ ಚಾಂಪಿಯನ್ನೇ ಆಯಿತು. ಪಾಪ, ಅದೇ ದಿನ 55-3ರಲ್ಲಿ ಗೆದ್ದ ಟಿಸಿಯು ತಂಡ ಮೂರರಿಂದ ಆರಕ್ಕೆ ಬಿತ್ತು. ಆ ಕತೆ ಇನ್ನೊಂದು ದಿನ.

ಆಟಗಾರನ ವಿಷಯ ಆಯಿತು. ಈಗ ಕೋಚ್.

ಈ ದೇಶದ ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಎಣಿಸುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ರಾಜ್ಯದ ವಿಶ್ವವಿದ್ಯಾಲಯದ ಫುಟ್ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ತೆಗೆದು ಹಾಕಿದರೂ ದುಡ್ಡು. 2023ರಲ್ಲಿ ಟೆಕ್ಸಸ್ ಎ ಆಂಡ್ ಎಂ ಜಿಂಬೋ ಫಿಷರ್ ಅವರನ್ನು ಮನೆಗೆ ಕಳಿಸಲು 7.5 ಕೋಟಿ ಡಾಲರ್‌ಗೂ ಹೆಚ್ಚು ಕೊಡಲು ಒಪ್ಪಬೇಕಾಯಿತು. ಸೋತ ಕೋಚ್‌ಗೆ ಹೀಗೆ, ಗೆಲ್ಲುವ ಕೋಚ್‌ಗೆ ಋತುವಿನ ನಡುವೆಯೇ ಬೇರೆಯವರ ಫೋನ್ ಬರುತ್ತದೆ.

ಬ್ರಯಾನ್ ಕೆಲಿ ಎಂಬವರ ದಾರಿಯನ್ನು ಹಿಡಿದು ನಡೆದರೆ ಈ ವ್ಯವಸ್ಥೆ ಪೂರ್ತಿ ಕಾಣುತ್ತದೆ. 2009ರಲ್ಲಿ ಅವರು ಸಿನ್ಸಿನಾಟಿಯ ಕೋಚ್. ಹನ್ನೆರಡಕ್ಕೆ ಹನ್ನೆರಡೂ ಗೆದ್ದ ತಂಡ, ಹೊಸ ವರ್ಷದ ದಿನ ಷುಗರ್ ಬೌಲ್ ಆಡಬೇಕು. ಡಿಸೆಂಬರ್‌ನಲ್ಲಿ ನೋಟರ್ ಡೇಮ್ ಕರೆಯಿತು, ಹೊರಟರು. ಅವರಿಲ್ಲದ ಸಿನ್ಸಿನಾಟಿ ಫ್ಲೋರಿಡಾ ವಿರುದ್ಧ 51-24ರಲ್ಲಿ ಸೋತಿತು. ಹನ್ನೆರಡು ವರ್ಷ ಕಳೆಯಿತು. 2021ರ ನವೆಂಬರ್ ಕೊನೆ. ನೋಟರ್ ಡೇಮ್ ಹನ್ನೊಂದು ಗೆದ್ದು ಒಂದು ಸೋತಿದೆ, ಮೇಲಿನವರಲ್ಲಿ ಯಾರಾದರೂ ಎಡವಿದರೆ ಪ್ಲೇಆಫ್ ಬಾಗಿಲು ತೆರೆಯುತ್ತದೆ, ಅಂತಿಮ ಪಟ್ಟಿಗೆ ಇನ್ನೂ ಒಂದು ವಾರವೂ ಇಲ್ಲ. ಲೂಸಿಯಾನಾದ ಎಲ್‌ಎಸ್‌ಯು ಕರೆಯಿತು, ಕೆಲಿ ಹೊರಟರು. ಎಷ್ಟೋ ಆಟಗಾರರಿಗೆ ಸುದ್ದಿ ಸಿಕ್ಕಿದ್ದು ಫೋನಿನಲ್ಲಿ ಹರಿದಾಡಿದ ಸಮಾಚಾರದಿಂದ. ಮರುದಿನ ಬೆಳಗ್ಗೆ ಏಳಕ್ಕೆ ಸಭೆ ಕರೆದು ಕೆಲವೇ ನಿಮಿಷ ಮಾತಾಡಿ ನಡೆದರು. ನೋಟರ್ ಡೇಮ್ ಐದನೇ ಸ್ಥಾನಕ್ಕೆ ನಿಂತಿತು. ನಾಲ್ಕನೇ ಸ್ಥಾನ ಸಿಕ್ಕಿದ್ದು ಯಾರಿಗೆ ಗೊತ್ತೇ? ಹನ್ನೆರಡು ವರ್ಷ ಹಿಂದೆ ಅವರು ನಡುನೀರಿನಲ್ಲಿ ಕೈಬಿಟ್ಟ ಅದೇ ಸಿನ್ಸಿನಾಟಿಗೆ! ಕತೆ ಬರೆಯುವವರು ಹೀಗೆ ಬರೆದರೆ ನಂಬುತ್ತಿರಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಟೆಕ್ಸಸ್ ಎ ಆಂಡ್ ಎಂ ಎದುರು ಸ್ವಂತ ಮೈದಾನದಲ್ಲಿ 49-25ರಲ್ಲಿ ಸೋತ ಮರುದಿನ ಎಲ್‌ಎಸ್‌ಯು ಕೆಲಿಯವರನ್ನು ಕಿತ್ತು ಹಾಕಿತು. ಕೊಡಬೇಕಾದ ಬಾಕಿ ಸುಮಾರು 5.4 ಕೋಟಿ ಡಾಲರ್. ರಾಜ್ಯದ ಗವರ್ನರ್ ಬಹಿರಂಗವಾಗಿಯೇ ರೇಗಿದರು, ಕ್ರೀಡಾ ನಿರ್ದೇಶಕರೂ ಹುದ್ದೆ ಬಿಟ್ಟರು. ಹೊಸ ಕೋಚ್‌ಗಾಗಿ ಎಲ್‌ಎಸ್‌ಯು ಕಣ್ಣು ಹಾಕಿದ್ದು ಲೇನ್ ಕಿಫಿನ್ ಮೇಲೆ.

ಕಿಫಿನ್ ಆಗ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಕೋಚ್. ಎಲ್ಲರೂ ಓಲ್ ಮಿಸ್ ಎನ್ನುತ್ತಾರೆ. ಮನುಷ್ಯನ ಹಿನ್ನೆಲೆ ಸ್ವಾರಸ್ಯವಾಗಿದೆ. 2010ರ ಜನವರಿಯಲ್ಲಿ ಟೆನೆಸಿಯನ್ನು ಒಂದೇ ಋತುವಿಗೆ ಬಿಟ್ಟು ಹೊರಟಾಗ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದು ಹಾಸಿಗೆ ಸುಟ್ಟರು. 2013ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಅವರನ್ನು ಸೋತು ಬಂದ ರಾತ್ರಿ ವಿಮಾನ ನಿಲ್ದಾಣದಲ್ಲೇ ಕೆಲಸದಿಂದ ತೆಗೆಯಿತು. ಆಮೇಲೆ ಅಲಬಾಮಾದಲ್ಲಿ ಸಹಾಯಕರಾಗಿ ಮತ್ತೆ ಮೇಲೆ ಬಂದರು. ಅಂಥವರು ಓಲ್ ಮಿಸ್ ತಂಡವನ್ನು 2025ರಲ್ಲಿ ಹನ್ನೊಂದು ಗೆಲುವು, ಒಂದೇ ಸೋಲಿಗೆ ತಂದು ನಿಲ್ಲಿಸಿದ್ದರು. ನವೆಂಬರ್ 28ರಂದು ನೆರೆಯ ಮಿಸಿಸಿಪ್ಪಿ ಸ್ಟೇಟ್ ಮೇಲೆ ಗೆದ್ದರು. 30ರಂದು ಎಲ್‌ಎಸ್‌ಯುಗೆ ಹೋಗುವುದಾಗಿ ಘೋಷಣೆ. ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್. ಓಲ್ ಮಿಸ್ ಇರುವ ಆಕ್ಸ್‌ಫರ್ಡ್ ಊರಿನ ಪುಟ್ಟ ವಿಮಾನ ನಿಲ್ದಾಣದ ಬೇಲಿಗೆ ಜನ ಮುತ್ತಿ ಕೂಗಾಡಿ ಬೀಳ್ಕೊಟ್ಟರು. ಯಾವ ಭಾಷೆಯಲ್ಲಿ ಎನ್ನುವುದನ್ನು ಹಿರಿಯರ ಮುಂದೆ ಹೇಳಲಾರೆ.

ಪ್ಲೇಆಫ್ ಮುಗಿಯುವ ತನಕ ನಾನೇ ತಂಡ ನಡೆಸುತ್ತೇನೆ ಅಂತ ಕಿಫಿನ್ ಕೇಳಿದ್ದರು. ಕ್ರೀಡಾ ನಿರ್ದೇಶಕ ಕೀತ್ ಕಾರ್ಟರ್ ಒಪ್ಪಲಿಲ್ಲ. ಕಿಫಿನ್ ಮೇಲಿನ ಸೇಡನ್ನು ಆಟಗಾರರ ಮೇಲೆ ತೀರಿಸಿಕೊಂಡರು ಅಂತ ಕೆಲವರು ಬೈದರು. ನನಗೆ ಕಾರ್ಟರ್ ಮಾಡಿದ್ದೇ ಸರಿ ಅನಿಸುತ್ತದೆ. ಒಂದೇ ಕಾನ್ಫರೆನ್ಸ್‌ನ ಎದುರಾಳಿಗೆ ಸಹಿ ಹಾಕಿದ ಮನುಷ್ಯ ನಿಮ್ಮ ಆಟಗಾರರ ಕೊಠಡಿಯಲ್ಲಿ ಓಡಾಡಿಕೊಂಡಿದ್ದರೆ, ಸಂಜೆ ಯಾರ ಪರವಾಗಿ ಫೋನ್ ಮಾಡುತ್ತಾನೆ? ಇದಕ್ಕೆ ಪೂರ್ವನಿದರ್ಶನವೂ ಕಿಫಿನ್‌ರದ್ದೇ. 2016ರ ಋತುವಿನ ಕೊನೆಗೆ ಅಲಬಾಮಾದಲ್ಲಿದ್ದಾಗ ಬೇರೊಂದು ಕಾಲೇಜಿನ ಮುಖ್ಯ ಕೋಚ್ ಹುದ್ದೆ ಒಪ್ಪಿಕೊಂಡಿದ್ದರು. ಎರಡು ದೋಣಿಯಲ್ಲಿ ಕಾಲಿಟ್ಟ ಅವರನ್ನು ಅಲಬಾಮಾದ ಮುಖ್ಯ ಕೋಚ್ ಆಗಿದ್ದ ನಿಕ್ ಸೇಬನ್ ರಾಷ್ಟ್ರೀಯ ಫೈನಲ್‌ಗೆ ಒಂದು ವಾರ ಇರುವಾಗ ಕಳಿಸಿಕೊಟ್ಟರು.

ಈಗ ಹದಿಮೂರು ಜನರ ಕೋಣೆಗೆ ವಾಪಸ್ ಹೋಗೋಣ. ನಿಯಮಾವಳಿಯಲ್ಲಿ ಕೋಚ್ ಅಂತ ಬರೆದಿದೆ. ಓಲ್ ಮಿಸ್ ತಂಡದ ಕೋಚ್ ಹೋಗಿಯಾಗಿದೆ. ಮುಖ್ಯ ಕೋಚ್ ಆಗಿ ಕಾಲೇಜಿನ ಒಂದೂ ಪಂದ್ಯ ನಡೆಸದಿದ್ದ, ರಕ್ಷಣಾ ವಿಭಾಗದ ಪೀಟ್ ಗೋಲ್ಡಿಂಗ್ ಕೈಗೆ ತಂಡ ಬಂದಿದೆ. ಎರಡು ವರ್ಷ ಹಿಂದಿನ ತರ್ಕವನ್ನೇ ಹಿಡಿದರೆ, ಕಿಫಿನ್ ಇಲ್ಲದ ಓಲ್ ಮಿಸ್ ಬೇರೆಯೇ ತಂಡ ಅನ್ನಬೇಕಿತ್ತು. ಅನ್ನಲಿಲ್ಲ. ಓಲ್ ಮಿಸ್ ಆರನೇ ಸ್ಥಾನದಲ್ಲೇ ಉಳಿಯಿತು, ಮೊದಲ ಸುತ್ತಿನ ಪಂದ್ಯವನ್ನು ಸ್ವಂತ ಮೈದಾನದಲ್ಲಿ ಆಡುವ ಹಕ್ಕೂ ಸಿಕ್ಕಿತು. ನನ್ನ ಪ್ರಕಾರ ಸಮಿತಿ ಸರಿಯಾದದ್ದನ್ನೇ ಮಾಡಿತು. ಹೋದವನ ಪಾಪಕ್ಕೆ ಉಳಿದವರಿಗೆ ದಂಡ ಹಾಕಬಾರದು. ಆದರೆ ಹಾಗಿದ್ದರೆ ಕಾಲು ಮುರಿದದ್ದಕ್ಕೆ ದಂಡ ಹಾಕಿದ್ದು ಯಾವ ನ್ಯಾಯ? ನಾಲ್ಕು ಸ್ಥಾನವಿದ್ದಾಗ ಬಿಗಿ ಇತ್ತು, ಹನ್ನೆರಡಾದ ಮೇಲೆ ಸಡಿಲವಾಯಿತು ಎಂಬ ಉತ್ತರವನ್ನು ಕೇಳಿದ್ದೇನೆ. ಸ್ಥಾನಗಳ ಸಂಖ್ಯೆ ಹೆಚ್ಚಿದರೆ ತತ್ವ ಯಾಕೆ ಬದಲಾಗಬೇಕು?

ಆಮೇಲೆ ಮೈದಾನದಲ್ಲಿ ನಡೆದದ್ದು ಇನ್ನೂ ಚೆಂದ. ಡಿಸೆಂಬರ್ 20ರ ಪಂದ್ಯದಲ್ಲಿ ಓಲ್ ಮಿಸ್ ಎದುರಾಳಿ ಟುಲೇನ್. ಟುಲೇನ್ ಕೋಚ್ ಜಾನ್ ಸಮ್ರಾಲ್ ಕೂಡ ಅಷ್ಟರಲ್ಲಿ ಫ್ಲೋರಿಡಾ ಹುದ್ದೆ ಒಪ್ಪಿಕೊಂಡಿದ್ದರು, ಆದರೆ ಅವರ ವಿಶ್ವವಿದ್ಯಾಲಯ ಪ್ಲೇಆಫ್ ಮುಗಿಸಿಯೇ ಹೋಗಲು ಬಿಟ್ಟಿತು. ಒಂದು ಕಡೆ ಕೋಚ್ ಹೋದ ತಂಡ, ಇನ್ನೊಂದು ಕಡೆ ಹೋಗಲಿರುವ ಕೋಚ್ ಇನ್ನೂ ನಿಂತಿರುವ ತಂಡ. ಪ್ರಯೋಗಶಾಲೆಯಲ್ಲೂ ಇಷ್ಟು ಚೆನ್ನಾಗಿ ಹೊಂದಿಸಲಾಗುವುದಿಲ್ಲ. ಓಲ್ ಮಿಸ್ 41-10ರಲ್ಲಿ ಗೆದ್ದಿತು. ಒಂದೇ ಪಂದ್ಯದಿಂದ ಏನೂ ಸಾಬೀತಾಗುವುದಿಲ್ಲ, ಸೆಪ್ಟೆಂಬರ್‌ನಲ್ಲಿ ಕಿಫಿನ್ ಇದ್ದಾಗಲೂ ಇದೇ ಟುಲೇನ್ ಮೇಲೆ 45-10ರಲ್ಲಿ ಗೆದ್ದಿದ್ದರು. ಆದರೆ ಹೊಸ ವರ್ಷದ ದಿನ ಮೂರನೇ ಸ್ಥಾನದ ಜಾರ್ಜಿಯಾವನ್ನು 39-34ರಲ್ಲಿ ಕೆಡವಿದರು, ಸೆಮಿಫೈನಲ್‌ನಲ್ಲಿ ಮಯಾಮಿಗೆ 31-27ರಲ್ಲಿ ಸೋತರು. ಕಿಫಿನ್ ಜೊತೆ ಎಲ್‌ಎಸ್‌ಯುಗೆ ಹೊರಟಿದ್ದ ಕೆಲವು ಸಹಾಯಕರು ಮತ್ತೆ ಆಕ್ಸ್‌ಫರ್ಡ್‌ಗೆ ಬಂದು ಈ ಪಂದ್ಯಗಳ ಆಕ್ರಮಣವನ್ನು ನಡೆಸಿಕೊಟ್ಟರು. ಇತ್ತ ಉಂಡು ಅತ್ತ ಕೈತೊಳೆದ ಹಾಗೆ.

ಸಂಖ್ಯಾಶಾಸ್ತ್ರ ಹೇಳಿಕೊಡುವವನಾಗಿ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಯಾರೋ ಒಬ್ಬರು ಇಲ್ಲದೆ ಹೋದಾಗ ತಂಡ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಂದಾಜು ಮಾಡಲು ಅದೇ ತಂಡ ಅವರಿಲ್ಲದೆ ಆಡಿದ ಹಲವಾರು ಪಂದ್ಯ ಬೇಕು. ಹನ್ನೆರಡು ಪಂದ್ಯದ ಋತುವಿನಲ್ಲಿ ನವೆಂಬರ್ ಕೊನೆಗೆ ಕಾಲು ಮುರಿದರೆ ನಮ್ಮ ಕೈಗೆ ಸಿಗುವುದು ಎರಡು ಪಂದ್ಯ. ಅಂತಿಮ ಪಟ್ಟಿಗೆ ಒಂದು ವಾರ ಮೊದಲು ಕೋಚ್ ಹೋದರೆ ಸಿಗುವುದು ಸೊನ್ನೆ. ಸೊನ್ನೆಯಿಂದ ಹಿಡಿದು ಎರಡು ಪಂದ್ಯದ ಮಾಹಿತಿಯ ಮೇಲೆ ಭವಿಷ್ಯ ಹೇಳುವುದು ನಮ್ಮ ಕಸುಬಿನಲ್ಲಿ ನಡೆಯುವುದಿಲ್ಲ, ಅದಕ್ಕೆ ಬೇರೆ ಕಸುಬಿನವರಿದ್ದಾರೆ, ಕವಡೆ ಇಟ್ಟುಕೊಂಡಿರುತ್ತಾರೆ.

ಆ ವಾಕ್ಯ ತೆಗೆದ ತಕ್ಷಣ ಎಲ್ಲವೂ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದೇ 2025ರ ನೋಟರ್ ಡೇಮ್ ವಿಷಯ ನೋಡಿ. ಇದರಲ್ಲಿ ಗಾಯವೂ ಇಲ್ಲ, ಕೋಚ್ ಜಗಳವೂ ಇಲ್ಲ. ಆಗಸ್ಟ್ 31ರಂದು ಮಯಾಮಿ 27-24ರಲ್ಲಿ ನೋಟರ್ ಡೇಮ್ ತಂಡವನ್ನು ಸೋಲಿಸಿತು. ಋತುವಿನ ಕೊನೆಗೆ ಇಬ್ಬರದ್ದೂ ಹತ್ತು ಗೆಲುವು, ಎರಡು ಸೋಲು. ಹಾಗಾದರೆ ಮಯಾಮಿ ಮೇಲಿರಬೇಕು, ಅಲ್ಲವೇ? ಆದರೆ ನವೆಂಬರ್ ತಿಂಗಳಿಡೀ ಮಂಗಳವಾರದ ಪಟ್ಟಿಗಳಲ್ಲಿ ನೋಟರ್ ಡೇಮ್ ಮೇಲಿತ್ತು. ಮೊದಲ ಪಟ್ಟಿಯಲ್ಲಿ ನೋಟರ್ ಡೇಮ್ ಹತ್ತು, ಮಯಾಮಿ ಹದಿನೆಂಟು. ಕೊನೆಯ ವಾರಾಂತ್ಯದಲ್ಲಿ ಎರಡೂ ತಂಡಗಳು ಆಡಲೇ ಇಲ್ಲ. ಮನೆಯಲ್ಲಿ ಕೂತಿದ್ದ ಹಾಗೆಯೇ ಮಯಾಮಿ ಹತ್ತಕ್ಕೆ ಏರಿತು, ನೋಟರ್ ಡೇಮ್ ಹನ್ನೊಂದಕ್ಕೆ ಇಳಿದು ಹೊರಬಿತ್ತು. ಹನ್ನೆರಡರಲ್ಲಿ ಐದು ಸ್ಥಾನ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲು, ಆ ವರ್ಷ ಕೊನೆಯ ಎರಡು ಸ್ಥಾನ ಪಟ್ಟಿಯಲ್ಲಿ ಕೆಳಗಿದ್ದ ಚಾಂಪಿಯನ್‌ಗಳಿಗೆ ಹೋದವು. ಸಮಿತಿಯ ಅಧ್ಯಕ್ಷ ಹಂಟರ್ ಯುರಾಚೆಕ್ ಕೊಟ್ಟ ಕಾರಣ: ಇಬ್ಬರ ನಡುವೆ ಇದ್ದ ಬಿವೈಯು ಸೋತು ಕೆಳಗೆ ಹೋಯಿತು, ಆಗ ಈ ಎರಡು ತಂಡಗಳು ಅಕ್ಕಪಕ್ಕ ಬಂದವು, ಅಕ್ಕಪಕ್ಕ ಬಂದ ಮೇಲೆ ಮುಖಾಮುಖಿ ಫಲಿತಾಂಶ ನೋಡಿದೆವು. ಅಂದರೆ ಆಗಸ್ಟ್ ತಿಂಗಳ ಪಂದ್ಯದ ಫಲಿತಾಂಶಕ್ಕೆ ಬೆಲೆ ಬರಲು ಡಿಸೆಂಬರ್‌ನಲ್ಲಿ ಮೂರನೆಯವರು ಸೋಲಬೇಕಾಯಿತು. ತೀರ್ಪು ಸರಿಯೇ, ಮಯಾಮಿ ಫೈನಲ್ ತನಕ ಹೋಗಿ ಇಂಡಿಯಾನಾಗೆ 27-21ರಲ್ಲಿ ಸೋತಿತು. ಆದರೆ ಐದು ವಾರ ತಪ್ಪು ಪಟ್ಟಿ ತೋರಿಸಿ ಆರನೇ ವಾರ ಸರಿಪಡಿಸಿದರೆ, ಸರಿಪಡಿಸಿದ್ದೇ ಅನ್ಯಾಯದ ಹಾಗೆ ಕಾಣುತ್ತದೆ. ನೋಟರ್ ಡೇಮ್ ಎಷ್ಟು ಮುನಿಸಿಕೊಂಡಿತೆಂದರೆ, ಬೇರೆ ಬೌಲ್ ಪಂದ್ಯ ಆಡುವುದಿಲ್ಲ ಎಂದು ಋತುವನ್ನೇ ಮುಗಿಸಿಬಿಟ್ಟಿತು. ಅದೇ ಪಟ್ಟಿಯಲ್ಲಿ ಮೂರು ಪಂದ್ಯ ಸೋತ ಅಲಬಾಮಾ ಒಂಬತ್ತನೇ ಸ್ಥಾನದಲ್ಲಿ ಒಳಗಿತ್ತು. ಕಾನ್ಫರೆನ್ಸ್ ಫೈನಲ್‌ನಲ್ಲಿ 28-7ರಲ್ಲಿ ಸೋತರೂ ಒಂದು ಸ್ಥಾನವೂ ಇಳಿಯಲಿಲ್ಲ. ಅದರ ಮೂರು ಸೋಲುಗಳಲ್ಲಿ ಒಂದು ಯಾರ ಕೈಯಲ್ಲಿ? ಆ ವರ್ಷ ಐದೇ ಪಂದ್ಯ ಗೆದ್ದ ಫ್ಲೋರಿಡಾ ಸ್ಟೇಟ್ ಕೈಯಲ್ಲಿ, 31-17. ಟಲ್ಲಹಾಸಿಯವರಿಗೆ ಅಷ್ಟಾದರೂ ಸಮಾಧಾನ.

ಹಾಗಾಗಿ ನನ್ನ ಎರಡನೇ ಬೇಡಿಕೆ: ಮಂಗಳವಾರದ ಪಟ್ಟಿ ನಿಲ್ಲಿಸಿ. ಅದರಿಂದ ಲಾಭ ಟಿವಿಯವರಿಗೆ ಮಾತ್ರ. ಪ್ರಸಾರದ ಹಕ್ಕು ಇಎಸ್‌ಪಿಎನ್ ಕೈಯಲ್ಲಿರುವ ತನಕ ನಿಲ್ಲುವುದಿಲ್ಲ ಎಂಬುದೂ ನನಗೆ ಗೊತ್ತು.

ಇನ್ನು ಕೋಚ್‌ಗಳು ನಡುದಾರಿಯಲ್ಲಿ ಹೋಗುವುದನ್ನು ತಡೆಯುವುದು ಹೇಗೆ? ಕಿಫಿನ್‌ಗೆ ಬೈದು ಪ್ರಯೋಜನವಿಲ್ಲ, ಕ್ಯಾಲೆಂಡರ್ ನೋಡಿ. 2017ರಿಂದ ಡಿಸೆಂಬರ್‌ನಲ್ಲೇ ಹೈಸ್ಕೂಲ್ ಆಟಗಾರರು ಕಾಲೇಜುಗಳಿಗೆ ಸಹಿ ಹಾಕುವ ಪದ್ಧತಿ ಬಂತು. 2025ರಲ್ಲಿ ಆ ದಿನ ಡಿಸೆಂಬರ್ 3. ಬೇರೆ ಕಾಲೇಜಿಗೆ ವರ್ಗಾವಣೆ ಬಯಸುವ ಆಟಗಾರರಿಗೆ ಕಿಟಕಿ ತೆರೆದದ್ದು ಜನವರಿ 2ರಿಂದ 16ರ ತನಕ. ಪ್ಲೇಆಫ್ ಫೈನಲ್ ನಡೆದದ್ದು ಜನವರಿ 19ಕ್ಕೆ. ಫೈನಲ್ ಆದ ಮೇಲೆ ಕೋಚ್ ಹುಡುಕಲು ಹೊರಟ ವಿಶ್ವವಿದ್ಯಾಲಯಕ್ಕೆ ಹೊಸ ಹುಡುಗರೂ ಸಿಗುವುದಿಲ್ಲ, ವರ್ಗಾವಣೆಯವರೂ ಸಿಗುವುದಿಲ್ಲ. ನವೆಂಬರ್ 30ರಂದು ಕಿಫಿನ್ ಹೊರಟದ್ದು ಸಹಿ ಹಾಕುವ ದಿನಕ್ಕೆ ಮೂರು ದಿನ ಮೊದಲು, ಅದು ಕಾಕತಾಳೀಯವಲ್ಲ.

ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಸೂಪರ್ ಬೌಲ್ ಆಡುವ ತಂಡದ ಸಹಾಯಕ ಕೋಚ್‌ನನ್ನು ಬೇರೆ ತಂಡ ಮುಖ್ಯ ಕೋಚ್ ಮಾಡಿಕೊಳ್ಳಬೇಕಾದರೆ ಆ ಪಂದ್ಯ ಮುಗಿಯುವ ತನಕ ಕಾಯಲೇಬೇಕು. ಇಲ್ಲೂ ಹಾಗೇ ಒಂದು ನಿಯಮ ಮಾಡಿ ಅನ್ನುವುದು ಸುಲಭ. ಆದರೆ ಎನ್‌ಎಫ್‌ಎಲ್ ಒಂದೇ ಲೀಗ್, ಇಲ್ಲಿ ಒಂದೊಂದು ವಿಶ್ವವಿದ್ಯಾಲಯವೂ ಬೇರೆ ಬೇರೆ ಧಣಿ. ಧಣಿಗಳೆಲ್ಲ ಸೇರಿ ನೌಕರರಿಗೆ ಕಟ್ಟುಪಾಡು ಹಾಕಿದರೆ ಪೈಪೋಟಿ ಕಾನೂನು ಮೇಲೆ ಬೀಳುತ್ತದೆ. 1990ರ ದಶಕದಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಕೆಲವು ಬ್ಯಾಸ್ಕೆಟ್‌ಬಾಲ್ ಸಹಾಯಕ ಕೋಚ್‌ಗಳ ಸಂಬಳವನ್ನು ವರ್ಷಕ್ಕೆ 16,000 ಡಾಲರ್‌ಗೆ ಮಿತಿಗೊಳಿಸಿತ್ತು. ಅವರು ಕೋರ್ಟಿಗೆ ಹೋದರು, ಎನ್‌ಸಿಎಎ ಸೋತಿತು, ಕೊನೆಗೆ 5.45 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಹಾಗಾಗಿ ಕೋಚ್ ಕೈ ಕಟ್ಟುವುದಕ್ಕಿಂತ ತಾರೀಕು ಬದಲಾಯಿಸುವುದು ಮೇಲು. ಸಹಿಯ ದಿನವನ್ನು ಮೊದಲಿನ ಹಾಗೆ ಫೆಬ್ರವರಿಗೆ ಒಯ್ಯಿರಿ, ವರ್ಗಾವಣೆಯ ಕಿಟಕಿಯನ್ನು ಫೈನಲ್ ಆದ ಮೇಲೆ ತೆರೆಯಿರಿ. ನವೆಂಬರ್‌ನಲ್ಲೇ ಕೋಚ್ ಬೇಕು ಅನ್ನುವ ಅವಸರದಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಇಳಿಯುತ್ತದೆ. ಜನವರಿಯಲ್ಲಿ ತರಗತಿ ಶುರುವಾಗುತ್ತದೆ, ಫೆಬ್ರವರಿಯಲ್ಲಿ ಹುಡುಗರು ಹೇಗೆ ಕಾಲೇಜು ಬದಲಿಸುತ್ತಾರೆ ಎಂಬ ಆಕ್ಷೇಪ ಇದೆ. ಈ ಸಭೆಯಲ್ಲಿ ಪ್ರಾಧ್ಯಾಪಕರಿದ್ದೀರಿ, ಆಟಗಾರರು ನಿಮ್ಮ ತರಗತಿಗೆ ಬರುವುದು ಎಷ್ಟು ಎನ್ನುವುದು ನಿಮಗೇ ಗೊತ್ತು.

ಕೊನೆಯದಾಗಿ ಮುಂದಿನ ಋತುವಿನ ಒಂದು ನಿಯಮ, ಇದರ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಬೇಕೆಂದಿದ್ದೇನೆ. 2024ರಲ್ಲೇ ಆದ ಒಪ್ಪಂದದ ಪ್ರಕಾರ, 2026ರಿಂದ ನೋಟರ್ ಡೇಮ್ ಸಮಿತಿಯ ಪಟ್ಟಿಯಲ್ಲಿ ಮೊದಲ ಹನ್ನೆರಡರೊಳಗೆ ಬಂದರೆ ಪ್ಲೇಆಫ್ ಸ್ಥಾನ ಖಚಿತ. ಯಾವ ಕಾನ್ಫರೆನ್ಸ್‌ಗೂ ಸೇರದ ತಂಡ ಅದು, ಕಾನ್ಫರೆನ್ಸ್ ಗೆದ್ದು ಒಳಬರುವ ದಾರಿ ಅದಕ್ಕಿಲ್ಲ ಎನ್ನುವುದು ಸಮರ್ಥನೆ. ಈ ನಿಯಮ 2025ರಲ್ಲೇ ಇದ್ದಿದ್ದರೆ ಹನ್ನೊಂದನೇ ಸ್ಥಾನದ ನೋಟರ್ ಡೇಮ್ ಒಳಗಿರುತ್ತಿತ್ತು, ಹೊರಗೆ ಹೋಗುತ್ತಿದ್ದುದು ಅದನ್ನು ಮೈದಾನದಲ್ಲಿ ಸೋಲಿಸಿದ್ದ ಮಯಾಮಿ. ನನಗಂತೂ ಇದು ಒಪ್ಪಿಗೆಯಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ನೋಟರ್ ಡೇಮ್ ಟೋಪಿ ಹಾಕಿಕೊಂಡವರೊಬ್ಬರು ಆಗಿನಿಂದ ತಲೆಯಾಡಿಸುತ್ತಿದ್ದಾರೆ, ಮೊದಲ ಪ್ರಶ್ನೆ ಅವರದ್ದೇ ಇರಲಿ. ಮೈಕ್ ಆ ಕಡೆ ಕೊಡಿ.